ಒಳಮೈ ಹೊರಗಾದ ತೊಗಲು

ಕಾದ ಸೂಜಿಯ ಮೊನೆಯನ್ನು ಹಳೆಯ ಕೋವಿಗೆ ಸುತ್ತಿದ್ದ ತೊಗಲಿನ ಅಂಚಿನಲ್ಲಿ ಇಣುಕುತ್ತಿದ್ದ ಅಂಟಿಗೆ ಮುಟ್ಟಿಸಿದೆ. ಚುರ್ರೆಂದು ಸಣ್ಣ ಹೊಗೆ ಎದ್ದಿತು. ಗೊರಸು ಸುಟ್ಟ ವಾಸನೆ.

ಬೆಳಗಿನಿಂದ ಯಾವ ವಾಸನೆ ಬರಬಾರದೆಂದು ದೇವರನ್ನು ಬೇಡಿಕೊಳ್ಳುತ್ತಿದ್ದೆನೋ ಅದೇ ಬಂದಿತ್ತು.

ಈಗಿನ ಅಂಟಾಗಿದ್ದರೆ ಪ್ಲಾಸ್ಟಿಕ್ ಸುಟ್ಟ ಘಾಟು ಹೊಡೆಯುತ್ತಿತ್ತು. ಗೊರಸು ಬೇಯಿಸಿ ಮಾಡಿದ ಅಂಟು ಎಂದರೆ ಹಳೆಯ ಕಾಲದ ರಿಪೇರಿ. ರಿಪೇರಿ ಹಳೆಯದಾದರೆ ಕೋವಿ ಅಸಲಿ. ಕೋವಿ ಅಸಲಿಯಾದರೆ ಓಮ್ ಲೌರೆನ್ಸರನ್ನು ಕೊಲ್ಲುವುದಕ್ಕೆ ಕ್ಲೋಕೊಲಾನ್ ಊರಿನಲ್ಲಿ ಬೇರೆ ಯಾರಿಗೂ ಕಾರಣವಿಲ್ಲ, ಮತ್ತು ನ್ತಾಟೆ ಮೊಹಾವು ಜೈಲಿನಲ್ಲೇ ಸಾಯುತ್ತಾರೆ.

ನನಗೆ ಈ ವಿದ್ಯೆ ಕಲಿಸಿದ, ಊರ ಹಿರಿಯರನ್ನು ಕರೆಯುವ ಹಾಗೆ ನಾನು ಓಮ್, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದ ಲೌರೆನ್ಸ್ ಇದೇ ಕಾರ್ಯಾಗಾರದಲ್ಲಿ, ತಮ್ಮದೇ ಮರದ ಸುತ್ತಿಗೆಯ ಏಟು ತಿಂದು ಸತ್ತುಬಿದ್ದಿದ್ದರು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾ ಕೂತಿದ್ದ ಕೆಲಸದ ಮುದುಕ, ನಾನು ನ್ತಾಟೆ, ಅಂದರೆ ಅಪ್ಪಾ, ಎಂದು ಕರೆಯುವ ಮೊಹಾವು ಅವರನ್ನು ಪೊಲೀಸರು ರಕ್ತದ ಅಂಗಿಯ ಸಮೇತ ಹಿಡಿದುಕೊಂಡು ಹೋಗಿದ್ದರು.

ಇವತ್ತು ಮಧ್ಯಾಹ್ನದ ಮೇಲೆ ಅವರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಬೇರೆ ಯಾರಿಗಾದರೂ ಕಾರಣವಿತ್ತೆಂದು ನಾನು ತೋರಿಸಿದರೆ ಬಿಡುಗಡೆಗೆ ತಾನು ಅಡ್ಡ ಬರುವುದಿಲ್ಲ ಎಂದು ಪೊಲೀಸ್ ಕ್ಯಾಪ್ಟನ್ ಲೆಬೋನಾ ಹೇಳಿದ್ದಳು. ತೋರಿಸದಿದ್ದರೆ ಬ್ಲೂಮ್‌ಫಾಂಟೇನ್ ಜೈಲು. ವಯಸ್ಸಿದ್ದಾಗ ಚಿನ್ನದ ಗಣಿಯ ಧೂಳು ಕುಡಿದ ಶ್ವಾಸಕೋಶ ಅವರದು. ಈ ಚಳಿಯಲ್ಲಿ ಅಲ್ಲಿ ಸಿಮೆಂಟಿನ ಮೇಲೆ ಮಲಗಿದರೆ ಅವರು ವಾಪಸು ಬರುವುದಿಲ್ಲ. ಅದು ಕ್ಯಾಪ್ಟನ್‌ಗೂ ಗೊತ್ತು.

ನಾನು ಹೆದರಿದ್ದೆ. ಅವರಿಗಾಗಿ ಹೆದರಿದ್ದು ಒಂದು ಪಾಲಾದರೆ ನನಗಾಗಿ ಹೆದರಿದ್ದು ಮೂರು ಪಾಲು, ಇದನ್ನು ಮುಚ್ಚಿಟ್ಟು ಏನು ಪ್ರಯೋಜನ. ಸಾಯುವ ಹಿಂದಿನ ದಿನ ಓಮ್ ಲೌರೆನ್ಸ್ ನನಗೆ ಫೋನ್ ಮಾಡಿ, "ಹೆಟ್ಟಿ, ಈ ತೊಗಲು ಸುಳ್ಳು ಹೇಳ್ತಿದೆ. ಬಾ, ತೋರಿಸ್ತೀನಿ," ಎಂದಿದ್ದರು. ಆಮೇಲೆ ಕೋವಿಯನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಕೊಂದವನಿಗೆ ಅವರ ಕೀಲಿ ಸಿಗದೆ ಕಪಾಟು ತೆರೆಯಲು ಆಗಿರಲಿಲ್ಲ. ಅದರ ಇನ್ನೊಂದು ಕೀಲಿ ನನ್ನ ಕೊರಳಲ್ಲಿದೆ ಎನ್ನುವುದು ಊರಿಗೆಲ್ಲ ಗೊತ್ತು.

ಬೆಳಿಗ್ಗೆ ಗೇಟಿನಲ್ಲಿ ಕಾವಲಿಗೆ ಒಬ್ಬ ಪೇದೆ ಇದ್ದ. ನದಿ ದಾಟಿಸುತ್ತಿದ್ದ ಕದ್ದ ದನಗಳನ್ನು ಹಿಡಿಯಬೇಕೆಂದು ಅವನನ್ನೂ ಕರೆಸಿಕೊಂಡಿದ್ದರು. ನಮ್ಮ ಕಡೆ ಮನುಷ್ಯರಿಗಿಂತ ದನಕ್ಕೆ ಬೇಗ ಪೊಲೀಸರು ಓಡುತ್ತಾರೆ. ನಮ್ಮ ಚಳಿಗಾಲದ ಆಗಸ್ಟ್ ಗಾಳಿ ತಗಡಿನ ಮಾಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ಒಂದೊಂದು ಬಡಿತಕ್ಕೂ ಯಾರೋ ಒಳಗೆ ಬಂದರೆಂದು ತಿರುಗಿ ನೋಡುತ್ತಿದ್ದೆ. ನೆಲದ ಮೇಲೆ, ಬೆಂಚಿನ ಕಾಲ ಬಳಿ, ಉಜ್ಜಿದರೂ ಹೋಗದ ಕಲೆ ಹಾಗೇ ಇತ್ತು.

ನನ್ನ ಕಸುಬು ವಿಚಿತ್ರದ್ದು. ಹಳೆಯ ಯುದ್ಧಗಳ ಕೋವಿಗಳಿಗೆ ಹರಾಜಿನವರಿಗಾಗಿ ಬೆಲೆ ಕಟ್ಟುತ್ತೇನೆ. ಜನ ನಳಿಗೆ ನೋಡುತ್ತಾರೆ, ನಾನು ಮರ ನೋಡುತ್ತೇನೆ. ಕಬ್ಬಿಣದ ಭಾಗವೆಲ್ಲ ಕಾರ್ಖಾನೆಯಲ್ಲಿ ಒಂದೇ ಥರ ಹುಟ್ಟುತ್ತದೆ. ಹೊತ್ತವನ ಬೆವರು, ಬಿದ್ದ ಏಟು, ಸರಿಮಾಡಿದವನ ಕೈ, ಇವೆಲ್ಲ ಉಳಿಯುವುದು ಮರದ ಮೇಲೆ. ಮುರಿಯದ ಕೋವಿಗಿಂತ ಮುರಿದು ಸರಿಮಾಡಿದ್ದಕ್ಕೆ ಹೆಚ್ಚು ಬೆಲೆ ಬರುವುದೂ ಉಂಟು, ಸರಿಮಾಡಿದವನು ಯಾರೆಂದು ಹೇಳಲು ಸಾಧ್ಯವಾದರೆ. ಇದನ್ನು ಕೇಳಿ ಗಂಡಸರು ನಗುತ್ತಾರೆ, ಆಮೇಲೆ ಮನೆಗೆ ಹೋಗಿ ಅಜ್ಜನ ಕೋವಿಗೆ ಪಾಲಿಶ್ ಬಳಿದು ಹಾಳು ಮಾಡುತ್ತಾರೆ.

ಊರ ಮ್ಯೂಸಿಯಂನಲ್ಲಿ ಇಡುವ ಮುಂಚೆ ಪರೀಕ್ಷೆಗೆಂದು ಓಮ್ ಲೌರೆನ್ಸರ ಹತ್ತಿರ ಬಂದಿದ್ದ ಈ ಕೋವಿ ವೆಸೆಲ್ಸ್ ಮನೆತನದ್ದು. ನೂರು ವರ್ಷಕ್ಕೂ ಹಿಂದೆ ನಮ್ಮ ಫ್ರೀ ಸ್ಟೇಟ್ ಸೀಮೆಯವರು ಇಂಗ್ಲಿಷರ ವಿರುದ್ಧ ಕಾದಾಡಿದ ಯುದ್ಧದ್ದು. ಹೆಗಲಿಗೆ ಒತ್ತುವ ಮರದ ಬುಡದ ಮೇಲೆ ಚಾಕುವಿನಲ್ಲಿ ಕೆತ್ತಿದ ಹೆಸರು, ಹರ್ಮಾನುಸ್ ವೆಸೆಲ್ಸ್. ಕೈ ಹಿಡಿಯುವ ಸಣ್ಣ ಭಾಗಕ್ಕೆ ನಾವು ಕತ್ತು ಎನ್ನುತ್ತೇವೆ, ಆ ಕತ್ತಿಗೆ ತೊಗಲು ಸುತ್ತಿತ್ತು. ಆ ಕಾಲದಲ್ಲಿ ಕುದುರೆ ಮುಗ್ಗರಿಸಿ ಕೋವಿಯ ಕತ್ತು ಮುರಿದರೆ ಬಡಗಿಯನ್ನು ಹುಡುಕಲು ಯಾರಿಗೆ ಪುರುಸೊತ್ತು. ಹದ ಮಾಡದ ಎತ್ತಿನ ತೊಗಲನ್ನು ನೆನೆಸಿ, ಸುತ್ತಿ, ಬಿಗಿಯಾಗಿ ಹೊಲಿದು ಬಿಸಿಲಿಗಿಡುತ್ತಿದ್ದರು. ಒಣಗುತ್ತಾ ಅದು ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತಿತ್ತು.

ಅಂಟು ಅಸಲಿ. ಹೊಲಿದದ್ದು ಎತ್ತಿನ ಬೆನ್ನಿನ ನರದಲ್ಲಿ, ಅದೂ ಅಸಲಿ. ತೊಗಲು ಹಳೆಯದು, ಅಂಚು ಮುಟ್ಟಿದರೆ ಪುಡಿ ಉದುರುವಷ್ಟು ಹಳೆಯದು. ಹಾಗಾದರೆ ಓಮ್ ಲೌರೆನ್ಸರಿಗೆ ಕಂಡ ಸುಳ್ಳು ಯಾವುದು?

ಗ್ಯಾಸ್ ಒಲೆಯ ಮೇಲೆ ನೀರು ಬಿಸಿ ಮಾಡಿ, ಬಟ್ಟೆ ಅದ್ದಿ ತೊಗಲಿಗೆ ಸುತ್ತಿದೆ. ಗೊರಸಿನ ಅಂಟು ಬಿಸಿನೀರಿಗೆ ಸೋಲುತ್ತದೆ. ಕಾದೆ. ಒಂದು ಮೂಲೆ ಮೆತ್ತಗಾದ ಮೇಲೆ ಎಲುಬಿನ ಚಪ್ಪಟೆ ಕಡ್ಡಿಯನ್ನು ಕೆಳಗೆ ತೂರಿಸಿ ಬೆರಳಗಲ ಎತ್ತಿದೆ.

ಮರ ಕಪ್ಪಗಿತ್ತು.

ಬಗ್ಗಿ ಹತ್ತಿರದಿಂದ ಮತ್ತೆ ನೋಡಿದೆ. ಕಪ್ಪೇ.

ಹೊಸ ಕೋವಿಯ ಅಕ್ರೋಟ್ ಮರ ಜೇನಿನ ಬಣ್ಣ. ಕೈಯ ಎಣ್ಣೆ, ಹೊಗೆ, ಧೂಳು ಸೇರಿ ನೂರು ವರ್ಷಕ್ಕೆ ಅದು ಕಪ್ಪಾಗುತ್ತದೆ. ಯುದ್ಧದ ಕಾಲದಲ್ಲೇ ತೊಗಲು ಸುತ್ತಿದ್ದರೆ ಆ ನೂರು ವರ್ಷದ ಕೊಳೆ ಹೊರಗಷ್ಟೇ ಕೂರಬೇಕು, ಒಳಗಿನ ಮರ ಬೆಳ್ಳಗೆ ಉಳಿದಿರಬೇಕು. ವಾಚು ಕಟ್ಟಿದ ಕೈಯ ಹಾಗೆ. ಇಲ್ಲಿ ಒಳಗೂ ಹೊರಗೂ ಒಂದೇ ಕಪ್ಪು. ತೊಗಲು ಹಳೆಯದಿರಬಹುದು, ಅಂಟು ಹಳೆಯ ರೀತಿಯದಿರಬಹುದು, ಆದರೆ ಅದನ್ನು ಸುತ್ತಿದವನು ಇನ್ನೂ ಬದುಕಿದ್ದಾನೆ.

ಕ್ಯಾಪ್ಟನ್ ಲೆಬೋನಾಗೆ ಫೋನ್ ಮಾಡಿದೆ. ಅವಳು ಕೋರ್ಟಿನ ಅಂಗಳದಲ್ಲಿದ್ದಳು. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಅವಳು ಸಂತೋಷಪಡಲಿಲ್ಲ.

"ಒಂದ್ ಪ್ರಶ್ನೆ, ಮ್ಮೆ ಹೆಟ್ಟಿ," ಎಂದಳು. ಅವಳ ಭಾಷೆಯಲ್ಲಿ ಮ್ಮೆ ಎಂದರೆ ಅಮ್ಮ. "ಹಸಿ ತೊಗಲು ಹಿಂಗೆ ಸುತ್ತೋಕೆ ಈ ಸೀಮೇಲಿ ಯಾರಿಗೆ ಬರತ್ತೆ?"

ನಾನು ಯೋಚಿಸಿ, ಬರುತ್ತಿದ್ದವರೆಲ್ಲ ಮಣ್ಣಾಗಿದ್ದಾರೆ ಎಂದೆ.

"ಎಲ್ಲರೂ ಅಲ್ಲ. ಮೊಹಾವುಗೆ ಬರತ್ತೆ. ಅವರೇ ನನ್ನ ಹತ್ರ ಹೇಳ್ಕೊಂಡ್ರು, ಚಿಕ್ಕ ವಯಸ್ಸಿಂದ ಮಾಡಿದೀನಿ ಅಂತ. ಈಗ ಸರ್ಕಾರಿ ವಕೀಲರು ಏನಂತಾರೆ ಗೊತ್ತಾ? ಸುಳ್ಳು ರಿಪೇರಿ ಮಾಡಿದ್ದೂ ಇವನೇ, ಯಜಮಾನಂಗೆ ಗೊತ್ತಾಯ್ತು ಅಂತ ಹೊಡೆದಿದ್ದೂ ಇವನೇ."

ಮುದುಕರನ್ನು ಬಿಡಿಸಲು ಹೋಗಿ ಅವರ ಕುತ್ತಿಗೆಗೆ ನಾನೇ ಹಗ್ಗ ಬಿಗಿದಿದ್ದೆ.

"ಸುತ್ತಿದ ಕೈ ಯಾರದು ಅಂತ ಹೇಳಿ. ಕೋರ್ಟಲ್ಲಿ ಮೊಹಾವು ಹೆಸರು ಕೂಗೋ ಹೊತ್ತಿಗೆ ನಾನೇ ಫೋನ್ ಮಾಡ್ತೀನಿ," ಎಂದು ಅವಳು ಇಟ್ಟುಬಿಟ್ಟಳು.

ಆಗಲೇ ಕಿಟಕಿಯಾಚೆ ಬಿಳಿ ಕಾರು ನಿಂತದ್ದು. ಇಳಿದವರು ಓಮ್ ಬಾರೆಂಟ್ ವೆಸೆಲ್ಸ್, ಈ ಕೋವಿಯ ಒಡೆಯ, ಚರ್ಚಿನ ಹಿರಿಯ, ಸಾವಿರ ದನದ ಸಾಹುಕಾರ. ಕೈಯಲ್ಲಿ ರಸ್ಕಿನ ಡಬ್ಬಿ ಹಿಡಿದಿದ್ದರು.

ನನ್ನ ಕೈ ತಾನಾಗಿ ಫೋನಿನ ಕಡೆ ಹೋಯಿತು. ಅಣ್ಣ ಯೂರಿಗೆ, "ಬೂಟಿ, ಬೇಗ ಬಾ. ಕಾರ್ಯಾಗಾರದಲ್ಲಿದ್ದೇನೆ. ಭಯವಾಗುತ್ತಿದೆ," ಎಂದು ಮೆಸೇಜ್ ಕಳಿಸಿದೆ. ಚಿಕ್ಕಂದಿನಿಂದ ಅಣ್ಣ ನನಗೆ ಬೂಟಿ, ತಂಗಿ ಅವನಿಗೆ ಸಸ್ಸಿ. ಬೇಲಿಯಾಚೆಯ ಹೊಲದಲ್ಲಿ ಕುರ್ಚಿಗೆ ತೊಗಲ ಪಟ್ಟಿ ನೇಯುತ್ತಾ, ಚಾವಟಿ ಹೊಸೆಯುತ್ತಾ ಬದುಕುವ ಒಂಟಿ ಮನುಷ್ಯ ಅವನು. ಅಪ್ಪ ಸತ್ತ ಮೇಲೆ ನನಗೆ ಉಳಿದಿರುವುದು ಅವನೊಬ್ಬನೇ. ಈ ನಲವತ್ತು ದಾಟಿದ ವಯಸ್ಸಿನಲ್ಲೂ ಹೆದರಿದರೆ ನನ್ನ ಬಾಯಿಗೆ ಬರುವುದು ಅವನ ಹೆಸರೇ.

ಓಮ್ ಬಾರೆಂಟ್ ಒಳಗೆ ಬಂದು, ಗಾಳಿ ನುಗ್ಗುತ್ತದೆಂದು ಬಾಗಿಲು ಹಾಕಿದರು. ಟೋಪಿಯನ್ನು ಓಮ್ ಲೌರೆನ್ಸರು ತಮ್ಮ ಟೋಪಿ ಹಾಕುತ್ತಿದ್ದ ಮೊಳೆಗೇ ಹಾಕಿದರು. ಹೆಂಡತಿ ರಸ್ಕು ಮಾಡಿ ಕಳಿಸಿದ್ದಾಳೆ, ಕಾಫಿ ಕುಡಿದೆಯಾ, ಇಷ್ಟು ಚಳಿಯಲ್ಲಿ ಒಬ್ಬಳೇ ಯಾಕೆ ಕೂತಿದ್ದೀಯಾ ಎಂದು ಮೆತ್ತಗೆ ವಿಚಾರಿಸಿದರು. ಆಮೇಲೆ ಅವರ ಕಣ್ಣು ಒದ್ದೆ ಬಟ್ಟೆಯ ಮೇಲೆ ಬಿತ್ತು.

"ಅದಕ್ಕೆ ನೀರು ಯಾಕೆ ಹಾಕಿದೀಯಾ ಮಗೂ?"

"ನೋಡೋಕೆ, ಓಮ್ ಬಾರೆಂಟ್."

"ಏನ್ ನೋಡೋಕೆ?"

"ತೊಗಲಿನ ಕೆಳಗೆ ಏನಿದೆ ಅಂತ."

ಅವರು ಬೆಂಚನ್ನು ಬಳಸಿ ಬಂದು ನನಗೂ ಬಾಗಿಲಿಗೂ ನಡುವೆ ನಿಂತರು. ಅಲ್ಲಿದ್ದ ಉದ್ದನೆಯ ಉಳಿಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಹರಿತ ನೋಡಿದರು. ಬೇಕೆಂದು ಹೆದರಿಸಿದರೋ, ಕೈಗೆ ಏನಾದರೂ ಬೇಕಿತ್ತೋ ನನಗೆ ತಿಳಿಯದು. ನಾನು ಕೋವಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

ಕೋವಿ ತನ್ನದು, ವಾಪಸು ಕೊಡು ಎಂದರು. ಪೊಲೀಸರ ಅಪ್ಪಣೆ ಬೇಕೆಂದೆ. ಪೊಲೀಸರನ್ನು ತಾನು ನೋಡಿಕೊಳ್ಳುತ್ತೇನೆ, ತೊಗಲು ಯುದ್ಧದ ಕಾಲದ್ದೆಂದು ನೀನು ಒಂದು ಮಾತು ಹೇಳಿದರೆ ಸಾಕು, ಮುಂದಿನ ವಾರ ಊರ ಮ್ಯೂಸಿಯಂನಲ್ಲಿ ಪಾದ್ರಿಗಳು ಇದರ ಮೇಲಿನ ಪರದೆ ಸರಿಸಬೇಕು ಎಂದರು. ದನಿ ಏರಲಿಲ್ಲ. ಏರಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಕ್ಯಾಪ್ಟನ್‌ಗೆ ಹೇಳಿ ಆಯ್ತು," ಎಂದೆ. "ತೊಗಲು ಈಚೆಗೆ ಸುತ್ತಿದ್ದು. ಕೆಳಗಿನ ಮರ ಕಪ್ಪಗಿದೆ."

ಅವರು ಉಳಿಯನ್ನು ನಿಧಾನವಾಗಿ ಬೆಂಚಿನ ಮೇಲಿಟ್ಟರು. ಆಮೇಲೆ ಓಮ್ ಲೌರೆನ್ಸರ ಸ್ಟೂಲಿನ ಮೇಲೆ ಕುಸಿದರು.

ಅವರು ಹೇಳಿದ್ದು ಇಷ್ಟು. ಹಳೆಯ ಮನೆಯ ಅಟ್ಟದಲ್ಲಿ ಕೋವಿ ಸಿಕ್ಕಾಗ ಅದಕ್ಕೆ ತೊಗಲು ಇರಲಿಲ್ಲ. ಕತ್ತಿನಲ್ಲಿ ಒಂದು ಮರದ ತೇಪೆ ಇತ್ತು, ಬಹಳ ಚೆಂದದ ತೇಪೆ. ಡರ್ಬನ್ನಿನಿಂದ ಬಂದಿದ್ದ ಕೋವಿ ಹುಚ್ಚಿನವನೊಬ್ಬ ಅದನ್ನು ನೋಡಿ ನಕ್ಕುಬಿಟ್ಟ. ಇದು ಇಂಗ್ಲಿಷ್ ಪಲ್ಟನಿನ ಬಡಗಿಯ ಕೈ, ನಿಮ್ಮ ಮುತ್ತಜ್ಜನ ಕೋವಿ ಶತ್ರುಗಳ ಡೇರೆಯಲ್ಲಿ ರಿಪೇರಿಯಾಗಿದೆ ಎಂದ. ಇಂಗ್ಲಿಷರು ಕಿತ್ತುಕೊಂಡ ಕೋವಿಗಳನ್ನು ರಾಶಿ ಹಾಕಿ ಸುಡುತ್ತಿದ್ದರು. ತೇಪೆ ಹಾಕಿ ವಾಪಸು ಕೊಟ್ಟರೆಂದರೆ ಕೋವಿಯವನು ಅವರ ಕಡೆ ಸೇರಿದ್ದ ಎಂದೇ ಅರ್ಥ. ಆ ತೇಪೆ ಯಾರಿಗೂ ಕಾಣದಿರಲೆಂದು ಓಮ್ ಬಾರೆಂಟ್ ಮೇಲೆ ತೊಗಲು ಸುತ್ತಿಸಿದ್ದರು.

ಉಳಿದದ್ದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೊನೆಯವರೆಗೂ ಶರಣಾಗದ ನಾಯಕ ಹರ್ಮಾನುಸ್ ವೆಸೆಲ್ಸ್. ನದಿಯ ದಂಡೆಯಲ್ಲಿ ಮಲಗಿದ್ದ ಅವನ ದಳವನ್ನು ಇಂಗ್ಲಿಷರು ಸುತ್ತುವರಿದಾಗ ತಪ್ಪಿಸಿಕೊಂಡವನು ಅವನೊಬ್ಬನೇ. ದಳ ಮಲಗಿದ್ದ ಜಾಗವನ್ನು ಯಾರು ತೋರಿಸಿಕೊಟ್ಟರು ಎಂದು ನಮ್ಮೂರು ಇವತ್ತಿಗೂ ಪಿಸುಗುಟ್ಟುತ್ತದೆ.

"ಚರ್ಚಿನ ಮುಂದಿನ ಕಲ್ಲಲ್ಲಿ ಮುತ್ತಜ್ಜನ ಹೆಸರು ಎಲ್ಲಕ್ಕಿಂತ ಮೇಲಿದೆ, ಹೆಟ್ಟಿ," ಎಂದರು ಓಮ್ ಬಾರೆಂಟ್. "ಕೆಳಗೆ ಆ ದಳದಲ್ಲಿ ಸತ್ತವರ ಹೆಸರುಗಳಿದಾವಲ್ಲ, ಅವರ ಮರಿಮಕ್ಕಳ ಪಕ್ಕದಲ್ಲೇ ನಾನು ಪ್ರತಿ ಭಾನುವಾರ ಕೂತ್ಕೋಬೇಕು."

"ಅದಕ್ಕೆ ಓಮ್ ಲೌರೆನ್ಸ್‌ನ ಕೊಂದ್ರಾ?"

"ಇಲ್ಲ." ಅವರು ತಲೆಯೆತ್ತಿದರು. ಕಣ್ಣು ತುಂಬಿತ್ತು. "ಸತ್ಯ ಹೇಳ್ತೀನಿ. ಲೌರೆನ್ಸ್ ಬಾಯಿ ಬಿಡ್ತಾನೆ ಅಂತ ಒಬ್ಬನಿಗೆ ಮಾತ್ರ ಹೇಳ್ದೆ. ತೊಗಲು ಸುತ್ತಿಕೊಟ್ಟವನಿಗೆ."

"ಯಾರವನು?"

ಅವರು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಸಾವಿನ ಮನೆಯಲ್ಲಿ ಮಗುವನ್ನು ನೋಡುತ್ತಾರಲ್ಲ, ಹಾಗೆ ನೋಡಿದರು.

"ಹುಡುಕ್ಬೇಡ ಮಗೂ. ತೊಗಲು ಹಳೇದು ಅಂದ್ಬಿಡು. ನನಗೋಸ್ಕರ ಅಂತ ತಿಳ್ಕೋಬೇಡ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನ್ತಾಟೆ ಮೊಹಾವು ಗತಿ?"

"ಅವನಿಗೆ ಹೇಗೂ ವಯಸ್ಸಾಯ್ತಲ್ಲ."

ಅಷ್ಟು ಹೊತ್ತಿನ ಭಯದ ನಡುವೆಯೂ ನನಗೆ ಮೈ ಉರಿದುಹೋಯಿತು. ಈ ಮನುಷ್ಯ ಪ್ರತಿ ವಾರ ದೇವರ ಮುಂದೆ ಮೊಣಕಾಲೂರುತ್ತಾನೆ. ಎದ್ದು ಆಚೆ ಹೋಗಿ ಎಂದೆ. ಅವರು ಏಳಲಿಲ್ಲ. ತಾನು ಬೇಡುತ್ತಿರುವುದು ನನ್ನ ಕ್ಷೇಮಕ್ಕೇ ಎಂದು ಮತ್ತೆ ಮತ್ತೆ ಹೇಳಿದರು.

ಹೊರಗೆ ಪಿಕಪ್ಪಿನ ಸದ್ದಾಯಿತು. ಯೂರಿಯ ಹಳೇ ಗಾಡಿ. ಅದರ ಗುರುಗುಟ್ಟುವಿಕೆಯನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ.

ಓಮ್ ಬಾರೆಂಟ್ ಕಿಟಕಿಯಲ್ಲಿ ಬಗ್ಗಿ ನೋಡಿದರು. ಟೋಪಿ ಮರೆತು, ಕಾರನ್ನೂ ಅಲ್ಲೇ ಬಿಟ್ಟು, ಹಿಂಬಾಗಿಲು ತೆಗೆದು, ಸೌದೆ ರಾಶಿ ಬಳಸಿಕೊಂಡು ಓಡಿದಂತೆಯೇ ಹೋದರು. ಆ ವಯಸ್ಸಿನಲ್ಲಿ ಅವರು ಅಷ್ಟು ಬೇಗ ನಡೆದದ್ದನ್ನು ನಾನು ಕಂಡಿರಲಿಲ್ಲ.

ನನಗೆ ನಗು ಬಂತು. ಯೂರಿ ಆರಡಿ ಮೇಲಿನ ಆಳು, ಗೂಳಿಯ ಕೊಂಬು ಹಿಡಿದು ನಿಲ್ಲಿಸಿದವನು. ಹೆದರಲಿ ಬಿಡು ಎಂದುಕೊಂಡೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂದದ್ದು ಗೊತ್ತಾಗಲಿಲ್ಲ. ಹೋದ ಜೀವ ಬಂದಿತ್ತು.

ಅಂಗಳದ ಗೇಟು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಯೂರಿ ಇಳಿದು ಅದನ್ನು ತಂತಿಯಿಂದ ಕಟ್ಟಲು ಗಾಳಿಯಲ್ಲಿ ಹೆಣಗುತ್ತಿದ್ದುದು ಕಂಡಿತು. ಅವನು ಇದ್ದಾನೆಂಬ ಧೈರ್ಯದಲ್ಲಿ ನಾನು ಮತ್ತೆ ಕೋವಿಯ ಕಡೆ ತಿರುಗಿದೆ. ಕ್ಯಾಪ್ಟನ್ನಿನ ಫೋನು ಯಾವ ಗಳಿಗೆಯಲ್ಲಾದರೂ ಬರುತ್ತದೆ, ಸುತ್ತಿದ ಕೈ ಯಾರದೆಂದು ಹೇಳಬೇಕು.

ಬಟ್ಟೆ ತೆಗೆದೆ. ನೆನೆದ ತೊಗಲಿನ ಮೇಲೆ ಕಿಟಕಿಯ ಬೆಳಕು ಬಿತ್ತು. ಆಗ ನನಗೆ ಕಂಡದ್ದು ಓಮ್ ಲೌರೆನ್ಸರಿಗೂ ಕಂಡಿರಬೇಕು.

ಒಣಗಿದ್ದಾಗ ನುಣ್ಣಗೆ ಕಂಡಿದ್ದ ತೊಗಲಿನ ಮೇಲ್ಮೈ ಈಗ ಜುಂಗು ಜುಂಗಾಗಿತ್ತು. ಅದು ಮಾಂಸದ ಕಡೆ. ತೊಗಲಿಗೆ ಎರಡು ಮೈ. ರೋಮ ಬೆಳೆದ ಕಡೆ ನುಣುಪು, ಗಟ್ಟಿ, ಸವೆತ ತಾಳುತ್ತದೆ. ಮಾಂಸಕ್ಕೆ ಅಂಟಿದ್ದ ಕಡೆ ಒರಟು, ಕೈ ತಾಗಿ ತಾಗಿ ಎದ್ದು ಬರುತ್ತದೆ. ರೋಮ ಹೆರೆದು ಆ ಕಡೆಯನ್ನು ಹೊರಗಿಟ್ಟು ಸುತ್ತುವುದು ಈ ಕೆಲಸದ ಮೊದಲ ಪಾಠ. ನ್ತಾಟೆ ಮೊಹಾವು ಕುಡಿದು ಮಾಡಿದರೂ ಈ ತಪ್ಪು ಮಾಡುವುದಿಲ್ಲ.

ಆದರೆ ಹೊಲಿಗೆ ಕಲಿಯದವನ ಹೊಲಿಗೆಯಲ್ಲ. ಒಂದೊಂದು ಹೆಣಿಗೆಯೂ ಸಮ, ಗಂಟು ಒಳಗೆ ಸೇರಿದೆ, ಇಕ್ಕೆಲದಲ್ಲೂ ಎಳೆತ ಒಂದೇ. ಇಷ್ಟು ಚೆನ್ನಾಗಿ ಬಲ್ಲವನು ಒಳಮೈಯನ್ನು ಯಾಕೆ ಹೊರಗೆ ಹಾಕಿದ?

ನುಣುಪಿನ ಕಡೆ ಕಾಣಬಾರದ್ದು ಏನೋ ಇತ್ತು. ಅದಕ್ಕೆ.

ಚಾಕು ತೆಗೆದು ಹೊಲಿಗೆಯ ನರವನ್ನು ಕತ್ತರಿಸಿದೆ. ತೊಗಲು ಮರದಿಂದ ಬಿಟ್ಟು ಬಂತು. ಕೆಳಗೆ ಓಮ್ ಬಾರೆಂಟ್ ಹೇಳಿದ ತೇಪೆ ಇತ್ತು. ಓರೆಯಾಗಿ ಕೊರೆದು ಕೂರಿಸಿದ ಬೇರೆ ಅಕ್ರೋಟಿನ ತುಂಡು, ನಾರಿಗೆ ನಾರು ಸೇರಿಸಿ, ಎರಡು ಮರದ ಮೊಳೆ ಬಡಿದು, ಉಗುರು ತೂರದ ಹಾಗೆ ಮಾಡಿದ ಪಲ್ಟನಿನ ಕೆಲಸ. ಬೇರೆ ದಿನವಾಗಿದ್ದರೆ ಅದನ್ನು ನೋಡುತ್ತಾ ಒಂದು ಗಂಟೆ ಕೂರುತ್ತಿದ್ದೆ. ಈಗ ತೊಗಲನ್ನು ಮಗುಚಿ ಬೆಳಕಿಗೆ ಹಿಡಿದೆ.

ನುಣುಪಾದ ಕಡೆ ಒಂದು ಬರೆಯ ಗುರುತು. ರೋಮದ ಕುಳಿಗಳಿಲ್ಲದೆ ಹೊಳೆಯುವ ಸುಟ್ಟ ಗಾಯ. ಉಂಗುರದ ಆಕಾರ, ಆದರೆ ಉಂಗುರ ಪೂರ್ತಿಯಿಲ್ಲ. ಬಲಗಡೆ ಒಂದು ಚೂರು ಹಾರಿಹೋಗಿದೆ.

ನಮ್ಮ ಸೀಮೆಯಲ್ಲಿ ಪ್ರತಿ ಮನೆಯ ದನದ ಸೊಂಟಕ್ಕೂ ಆ ಮನೆಯದೇ ಬರೆ ಹಾಕುತ್ತಾರೆ. ನಮ್ಮ ಓಡೆಂಡಾಲ್ ಮನೆಯ ಬರೆ ಉಂಗುರ. ಅಪ್ಪನ ಕೈಯಿಂದ ಬರೆಯ ಕಬ್ಬಿಣ ಒಮ್ಮೆ ಬಂಡೆಯ ಮೇಲೆ ಬಿದ್ದು ಬಲಗಡೆಯ ಚೂರು ಹಾರಿತ್ತು. ಹೊಸದು ಮಾಡಿಸಿ ಎಂದು ಅಮ್ಮ ಹೇಳಿ ಹೇಳಿ ಸೋತಿದ್ದಳು. ದನಕ್ಕೆ ಓದೋಕೆ ಬರಲ್ಲ ಬಿಡು, ಎನ್ನುತ್ತಿದ್ದ ಅಪ್ಪ. ಆ ಕಬ್ಬಿಣವನ್ನು ಕೆಂಡದಿಂದ ತೆಗೆದು ಅಪ್ಪನ ಕೈಗೆ ಕೊಡುತ್ತಿದ್ದವಳು ನಾನು. ಇನ್ನೊಂದು ಅಂಥ ಕಬ್ಬಿಣ ಲೋಕದಲ್ಲಿಲ್ಲ.

ಅಪ್ಪನ ಕೊನೆಯ ಎತ್ತು ರೂಯ್‌ಲಂಟ್. ಅದು ಸತ್ತಾಗ ಮಾರಲು ಮನಸ್ಸಾಗದೆ ತೊಗಲನ್ನು ಒಣಗಿಸಿ ಇಟ್ಟುಕೊಂಡಿದ್ದ. ಅಪ್ಪನೂ ಹೋದ ಮೇಲೆ ಅದು ನನ್ನ ಅಣ್ಣನ ಕೊಟ್ಟಿಗೆಯ ತೊಲೆಗೆ ಬಂತು. ಪರೀಕ್ಷೆ ಮಾಡುವವರನ್ನು ಗೆಲ್ಲಲು ಹಳೆಯ ತೊಗಲೇ ಬೇಕಿತ್ತು. ಹುಳ ತಿನ್ನದೆ ಗಟ್ಟಿಯಾಗಿ ಉಳಿದಿದ್ದದ್ದು ಸೊಂಟದ ಭಾಗವೊಂದೇ ಇರಬೇಕು.

ತೊಗಲು ಸುತ್ತಲು ಯಾರಿಗೆ ಬರುತ್ತದೆ ಎಂದು ಕ್ಯಾಪ್ಟನ್ ಕೇಳಿದಾಗ ಯೂರಿಯ ಹೆಸರು ನನಗೆ ಹೊಳೆದಿರಲೇ ಇಲ್ಲ. ದಿನಾ ಉಸಿರಾಡುವ ಗಾಳಿ ಯಾರಿಗೆ ಕಣ್ಣಿಗೆ ಬೀಳುತ್ತದೆ.

ಓಮ್ ಬಾರೆಂಟ್ ಯಾಕೆ ಹಿಂಬಾಗಿಲಿನಿಂದ ಓಡಿದರೆಂದು ಈಗ ಅರ್ಥವಾಯಿತು. ಓಮ್ ಲೌರೆನ್ಸ್ ಬಾಯಿ ಬಿಡುತ್ತಾರೆಂದು ಅವರು ಹೇಳಿದ್ದು ಯೂರಿಗೆ, ಆಮೇಲೆ ಅವನು ಏನು ಮಾಡಿದನೆಂದು ಅವರಿಗೆ ಗೊತ್ತಿತ್ತು. ನಾನೇ ಅವನನ್ನು ಕರೆಸಿಕೊಂಡಿದ್ದೆ. ಬೇಗ ಬಾ ಎಂದು ಕಳಿಸಿದ್ದೆ.

ಫೋನ್ ಬಡಿದುಕೊಂಡಿತು. ಎತ್ತಿದೆ.

"ಅವರ ಹೆಸರು ಕೂಗಿದ್ರು," ಎಂದಳು ಕ್ಯಾಪ್ಟನ್ ಲೆಬೋನಾ. ಹಿಂದೆ ಜನರ ಗದ್ದಲ, ಅದರ ನಡುವೆ ಒಬ್ಬ ಮುದುಕನ ಕೆಮ್ಮು. ಆ ಕೆಮ್ಮು ನನಗೆ ಗೊತ್ತು. "ಮೆಟ್ಟಿಲು ಹತ್ತಿಸ್ತಿದಾರೆ. ನಿಂತ್ಕೊಳ್ಳೋಕಾಗ್ತಿಲ್ಲ ಅವರಿಗೆ. ಏನಾದ್ರೂ ಸಿಕ್ತಾ?"

ಬಾಗಿಲು ತೆರೆಯಿತು. ಅಣ್ಣ ಒಳಗೆ ಬಂದ. ನನ್ನ ಮುಖ ನೋಡಿದ, ಆಮೇಲೆ ನನ್ನ ಕೈಯಲ್ಲಿದ್ದ ತೊಗಲನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಬರಲಿಲ್ಲ. ದಣಿದವನ ಹಾಗೆ ಭುಜ ಇಳಿಬಿಟ್ಟ.

"ಅಪ್ಪನ ಎತ್ತು ಅದು," ಎಂದ ಮೆತ್ತಗೆ. "ಬೇರೆ ಯಾರು ನೋಡಿದ್ರೂ ಗೊತ್ತಾಗ್ತಿರ್ಲಿಲ್ಲ, ಸಸ್ಸಿ. ನೀನು ನೋಡ್ತೀಯಾ ಅಂತ ನಾನು ಅಂದ್ಕೊಂಡಿರ್ಲಿಲ್ಲ."

"ಪಕ್ಕದಲ್ಲಿ ಯಾರಾದ್ರೂ ಇದಾರಾ?" ಎಂದಳು ಕ್ಯಾಪ್ಟನ್.

"ನಮ್ಮಣ್ಣ," ಎಂದೆ.

"ಒಳ್ಳೇದಾಯ್ತು. ಪೇದೇನ ವಾಪಸು ಕಳ್ಸಿದೀನಿ, ಬರೋಕೆ ಹೊತ್ತಾಗತ್ತೆ. ಅಲ್ಲೀತನಕ ಅವರನ್ನ ಜೊತೇಲೇ ಇಟ್ಕೊಳ್ಳಿ. ಈಗ ಹೇಳಿ, ಸುತ್ತಿದ ಕೈ ಯಾರದು?"

ಯೂರಿ ಬೆಂಚಿನ ಹತ್ತಿರ ಬಂದು ಕೈ ಚಾಚಿದ. ತೊಗಲನ್ನು ಕೊಡು ಎಂದು ಕಣ್ಣಲ್ಲೇ ಕೇಳಿದ. ಕೊಟ್ಟರೆ ಒಲೆ ಅಲ್ಲೇ ಉರಿಯುತ್ತಿತ್ತು. ಒಂದು ಗಳಿಗೆಯಲ್ಲಿ ಎಲ್ಲ ಬೂದಿ. ಅಣ್ಣ ಉಳಿಯುತ್ತಾನೆ, ಬಹುಶಃ ನಾನೂ ಉಳಿಯುತ್ತೇನೆ. ಫೋನಿನಲ್ಲಿ ಆ ಕೆಮ್ಮು ಮತ್ತೆ ಕೇಳಿಸಿತು, ಈ ಸಲ ನಿಲ್ಲಲೇ ಇಲ್ಲ.

ಇಷ್ಟು ಭಯ ನನಗೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ. ತೊಗಲನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

"ಹೇಳ್ತೀನಿ, ಕ್ಯಾಪ್ಟನ್," ಎಂದೆ. "ಬರ್ಕೊಳ್ಳಿ."

ಅಣ್ಣ ನನ್ನನ್ನೇ ನೋಡುತ್ತಾ ಹಿಂದೆ ಸರಿದು ಬಾಗಿಲಿನ ಚಿಲಕ ಹಾಕಿದ.